ಎಣಿಕೆಗೆ ಬಾರದ ಗುಣ

ಆಟಗಾರರ ವೇತನಕ್ಕಾಗಿ ನ್ಯೂಯಾರ್ಕ್ ಯಾಂಕೀಸ್ ತಂಡವು ವ್ಯಯಿಸುತ್ತಿದ್ದುದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನಷ್ಟೇ ವ್ಯಯಿಸಬಲ್ಲದಾಗಿದ್ದ ಓಕ್‌ಲೆಂಡ್ ಅಥ್ಲೆಟಿಕ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡವು, 2002ರ ಋತುವಿನಲ್ಲಿ ಆ ಶ್ರೀಮಂತ ತಂಡದಷ್ಟೇ, ಎಂದರೆ 103 ಪಂದ್ಯಗಳನ್ನು ಗೆದ್ದ ಬಗೆಯನ್ನು ಮೈಕೇಲ್ ಲೂಯಿಸರು 2003ರಲ್ಲಿ ಪ್ರಕಟವಾದ ‘ಮನಿಬಾಲ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ಕ್ರೀಡೆಯ ಪರಿಚಯ ಅಲ್ಪವಾಗಿರುವ ನನ್ನಂತಹ ಸಾಮಾನ್ಯ ವಾಚಕನನ್ನು ಅದರಲ್ಲಿ ಸೆರೆಹಿಡಿದುದು ಒಂದು ವಿಚಾರ: ಅಳತೆಗೋಲು ಯಾವುದನ್ನು ಗಣಿಸದೋ ಅದಕ್ಕೆ ಬೆಲೆಕಟ್ಟುವುದನ್ನೂ ಮನುಷ್ಯನು ಮರೆಯುತ್ತಾನೆ.

ಬೇಸ್‌ಬಾಲಿನಲ್ಲಿ ದಾಂಡಿಗನು ಚೆಂಡನ್ನು ಹೊಡೆದು ಬೇಸ್ ಎಂಬ ನೆಲೆಯನ್ನು ಸೇರಬಹುದು; ಇಲ್ಲವೆ, ಎಸೆತಗಾರನು ನಿಯತ ವಲಯದ ಹೊರಗೆ ಎಸೆದ ನಾಲ್ಕು ಚೆಂಡುಗಳನ್ನು ಬ್ಯಾಟು ಬೀಸದೆ ಬಿಟ್ಟು, ನಡೆದುಕೊಂಡೇ ಮೊದಲ ಬೇಸಿಗೆ ಹೋಗಬಹುದು. ಹತ್ತೊಂಬತ್ತನೆಯ ಶತಮಾನದಿಂದ ರೂಢಿಯಲ್ಲಿರುವ ಬ್ಯಾಟಿಂಗ್ ಸರಾಸರಿಯು ಈ ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ನೂರು ಸರದಿಗಳಲ್ಲಿ ಒಬ್ಬನು 30 ಹೊಡೆತ, 3 ನಡಿಗೆಗಳಿಂದಲೂ ಮತ್ತೊಬ್ಬನು 25 ಹೊಡೆತ, 15 ನಡಿಗೆಗಳಿಂದಲೂ ಬೇಸ್ ಸೇರಿದರೆಂದಿಟ್ಟುಕೊಂಡರೆ, ಹಳೆಯ ಸರಾಸರಿಯು ನಡಿಗೆಯ ಸರದಿಗಳನ್ನು ಕಳೆದು ಮೊದಲನೆಯವನಿಗೆ 0.309ನ್ನೂ ಎರಡನೆಯವನಿಗೆ 0.294ನ್ನೂ ಕೊಟ್ಟು ಮೊದಲಿಗನನ್ನೇ ಮೇಲಿರಿಸುವುದು. ಬೇಸ್ ಸೇರಿದ ಸರದಿಗಳನ್ನೆಣಿಸಿದರಾದರೋ ಅವನದು 33, ಇವನದು 40. ಔಟುಗಳು ಪರಿಮಿತವಾಗಿರುವ ಆಟದಲ್ಲಿ ತಂಡಕ್ಕೆ ಓಟಗಳನ್ನು ದೊರಕಿಸುವಲ್ಲಿ ಬ್ಯಾಟು ಬೀಸದೆ ಕಾಯುವ ಈ ತಾಳ್ಮೆಯ ಪಾಲು ದೊಡ್ಡದು.

ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿಯ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್ ಎಂಬವರು, ಪಂದ್ಯಗಳ ಅಂಕಪಟ್ಟಿಗಳನ್ನು ಪರಿಶೀಲಿಸಿ 1977ರಿಂದ ಸ್ವಂತ ವೆಚ್ಚದಲ್ಲಿ ಅಚ್ಚುಹಾಕಿಸಿದ ಪುಸ್ತಿಕೆಗಳು ಇಂತಹ ವಿಚಾರಗಳನ್ನು ಪ್ರಚುರಗೊಳಿಸಿದುವು. ಓಕ್‌ಲೆಂಡಿನ ಆಗಿನ ಪ್ರಧಾನ ವ್ಯವಸ್ಥಾಪಕ ಬಿಲ್ಲಿ ಬೀನ್ ಅವನ್ನು ಕಾರ್ಯರೂಪಕ್ಕೆ ತಂದರು. ಮೊಣಕೈಯ ನರಕ್ಕೆ ಪೆಟ್ಟಾಗಿ ಚೆಂಡೆಸೆಯಲಾರದೆ ಹೋದ ಸ್ಕಾಟ್ ಹ್ಯಾಟೆಬರ್ಗ್ ಎಂಬ ಆಟಗಾರನು, ಬೇಸ್ ಸೇರುವ ತಾಳ್ಮೆಯುಳ್ಳವನೆಂಬ ಕಾರಣದಿಂದಲೇ ಅಲ್ಲಿ ಆಶ್ರಯ ಪಡೆದನು. 2002ರ ಸೆಪ್ಟೆಂಬರ್ 4ರಂದು 11–11ರ ಸಮಸ್ಥಿತಿಯಲ್ಲಿ ಅವನು ಚೆಂಡನ್ನು ಅಂಗಳದಾಚೆ ಅಟ್ಟಿ ಹೊಡೆದ ಹೋಮ್ ರನ್ನಿನಿಂದ ತಂಡವು ಸತತ ಇಪ್ಪತ್ತನೆಯ ಜಯವನ್ನು ಕಂಡಿತು.

ಆದರೂ ಅದೇ ತಂಡವು ಋತುವಿನ ಬಳಿಕ ನಡೆದ ಐದು ಪಂದ್ಯಗಳ ಮೊದಲ ನಿರ್ಣಾಯಕ ಸರಣಿಯಲ್ಲಿ ಮಿನೆಸೋಟ ಟ್ವಿನ್ಸ್ ತಂಡಕ್ಕೆ ಸೋತಿತು. 162 ಪಂದ್ಯಗಳ ಋತುವಿನ ಉದ್ದದಲ್ಲಿ ಗುಣವು ತನ್ನನ್ನು ತೋರಿಸಿಕೊಳ್ಳುವುದು. ಐದೇ ಪಂದ್ಯಗಳಲ್ಲಿ ಆಕಸ್ಮಿಕಕ್ಕೆ ಎಡೆ ಹೆಚ್ಚು. ತನ್ನ ಮಿತಿಯನ್ನು ಹೀಗೆ ತಾನೇ ಅರಿತ ಸಂಖ್ಯಾಶಾಸ್ತ್ರವು ಆಟದ ರಸಕ್ಕೆ ವಿರೋಧಿಯಾಗಲಾರದು. ಕಣ್ಣಿಗೆ ಬೀಳದ ಯೋಗ್ಯತೆಗೆ ನ್ಯಾಯ ದೊರಕಿಸುವ ಶಕ್ತಿ ಅದಕ್ಕುಂಟು. ಆ ನ್ಯಾಯ ಸಲ್ಲಬೇಕಾದರೆ, ಯಾವ ಸರಾಸರಿಯನ್ನು ನಂಬುವ ಮೊದಲೂ ಅದು ಬಿಟ್ಟುಬಿಟ್ಟಿರುವುದೇನೆಂದು ವಿಚಾರಿಸುವ ಅಭ್ಯಾಸವು ನಮಗಿರಬೇಕು.