ಬಿಸಿಗಾಳಿ ಕೊಳವೆಯ ಮೆದು ಜೋಡಣೆಗೆ ಯಾವ ವಸ್ತು ಸೂಕ್ತ?

ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣದಲ್ಲಿ ಭತ್ತ ಒಣಗುವುದಿಲ್ಲ. ಆಗ ಹೊಟ್ಟಿನ ಒಲೆಯಿಂದ ನಡೆಯುವ ಒಣಗಿಸುವ ಯಂತ್ರ ರೈತರಿಗೂ ಸಹಕಾರ ಸಂಘಗಳಿಗೂ ಬಹಳ ಉಪಯುಕ್ತ. ಇದನ್ನು ಕೊಳ್ಳುವಾಗ ಒಲೆ, ಬ್ಲೋಯರು, ಮೋಟಾರುಗಳನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಕೊಳವೆಗಳ ನಡುವಿನ ಗೇಣುದ್ದದ ಮೆದು ಜೋಡಣೆಯನ್ನು ಗಮನಿಸುವವರು ಕಡಿಮೆ. ಇದು ಸೀಳಿದರೆ, ಸೋರಿದ ಹೊಗೆಯನ್ನು ಬ್ಲೋಯರು ಎಳೆದುಕೊಂಡು ಭತ್ತಕ್ಕೆ ಊದುತ್ತದೆ. ಕಿಡಿ ಹಾರಿದರೆ ಪಕ್ಕದ ಹೊಟ್ಟಿನ ರಾಶಿಗೇ ಬೆಂಕಿ ತಗಲಬಹುದು.

ಜೋಡಣೆ ಏಕೆ ಬೇಕು?

ಉಕ್ಕು ಕಾದಾಗ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆಯ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಅದು ಸುಮಾರು 1.2 ಮಿ.ಮೀ. ಬೆಳೆಯುತ್ತದೆ. 5 ಮೀಟರ್ ಉದ್ದದ ಹೊಗೆ ಕೊಳವೆಯ ಉಷ್ಣತೆ 300 ಡಿಗ್ರಿ ಏರಿದರೆ ಹಿಗ್ಗುವಿಕೆ 18 ಮಿ.ಮೀ. ಆಗುವುದು. ಇದಕ್ಕೆ ಎಡೆ ಇಲ್ಲದಿದ್ದರೆ ತಗಡು ಡೊಂಕಾಗಿ ಬೆಸುಗೆ ಬಿಡುತ್ತದೆ. ಬ್ಲೋಯರಿನ ನಡುಕವನ್ನು ತಡೆಯುವುದೂ ಈ ಜೋಡಣೆಯೇ.

ಸ್ಥಳಕ್ಕೆ ತಕ್ಕ ವಸ್ತು

1. ತಂಪು ಗಾಳಿ ಒಳಬರುವ ಕಡೆ ದಪ್ಪ ಕ್ಯಾನ್ವಾಸ್ ಬಟ್ಟೆ ಸಾಕು. ತೇವ ತಗಲಿದರೆ ಇದು ಕೊಳೆಯುತ್ತದೆ.

2. ಭತ್ತಕ್ಕೆ ಹೋಗುವ ಬಿಸಿಗಾಳಿಯ ಕಡೆ ನಿಯೋಪ್ರೀನ್ ಲೇಪಿಸಿದ ಬಟ್ಟೆ ಉತ್ತಮ. ಸಾಮಾನ್ಯ ರಬ್ಬರು ಸುಮಾರು 70 ಡಿಗ್ರಿ ದಾಟಿದರೆ ಬೇಗ ಹಾಳಾಗುತ್ತದೆ. ನಿಯೋಪ್ರೀನ್ ಸುಮಾರು 100 ಡಿಗ್ರಿಯವರೆಗೆ ತಾಳುತ್ತದೆ.

3. ಬಿಸಿಗಾಳಿ ಹೊರಡುವ ಒಲೆಯ ಬಳಿ ಸಿಲಿಕೋನ್ ಲೇಪಿಸಿದ ಗಾಜಿನ ನೂಲಿನ ಬಟ್ಟೆ ಬೇಕು. ಇದು ಸುಮಾರು 200 ಡಿಗ್ರಿ ತಾಳುತ್ತದೆ.

4. ಹೊಗೆ ಕೊಳವೆಗೆ ರಬ್ಬರು, ಬಟ್ಟೆ ಬೇಡ. ಕಮ್ಮಾರನ ತಿದಿಯಂತೆ ಮಡಿಕೆಗಳುಳ್ಳ ಸ್ಟೇನ್‌ಲೆಸ್ ಉಕ್ಕಿನ ಜೋಡಣೆಯೇ ಯೋಗ್ಯ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಲೋಹವನ್ನು ಸವೆಸುತ್ತದೆ. ಒಳಗೆ ತಗಡಿನ ತೋಳು ಇರಲಿ.

ಹಿಂದೆ ಬಳಸುತ್ತಿದ್ದ ಕಲ್ನಾರಿನ ಬಟ್ಟೆ, ಹಗ್ಗಗಳನ್ನು ಬಳಸಬಾರದು. ಅವುಗಳ ಧೂಳು ಶ್ವಾಸಕೋಶಕ್ಕೆ ಮಾರಕ.

ವಿದ್ಯುತ್ ಹೋದಾಗ

ಬೀಜದ ಭತ್ತಕ್ಕೆ ಗಾಳಿಯ ಉಷ್ಣತೆ 43 ಡಿಗ್ರಿ ಮೀರಬಾರದು. ಹಾಗಿದ್ದಮೇಲೆ ಕೊಳವೆಗೆಲ್ಲ ರಬ್ಬರು ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ವಿದ್ಯುತ್ ಹೋದಾಗ ಬ್ಲೋಯರು ನಿಲ್ಲುತ್ತದೆ, ಆದರೆ ಒಲೆ ಆರುವುದಿಲ್ಲ. ಗಾಳಿ ಹರಿಯದೆ ಒಲೆಯ ಬಳಿಯ ಕೊಳವೆ ಎಂದಿಗಿಂತ ಬಹಳ ಹೆಚ್ಚು ಕಾಯುತ್ತದೆ. ಆದುದರಿಂದ ದಿನನಿತ್ಯದ ಉಷ್ಣತೆಯನ್ನಲ್ಲ, ಅಂತಹ ಹೊತ್ತಿನ ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿದು ವಸ್ತುವನ್ನು ಆರಿಸಬೇಕು.

ಅಳವಡಿಸುವಾಗ

ಬಟ್ಟೆಯ ಜೋಡಣೆಯನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಡಬೇಕು. ಕೊಳವೆಯ ಭಾರ ಅದರ ಮೇಲೆ ಬೀಳದಂತೆ ಪ್ರತ್ಯೇಕ ಆಧಾರ ಕೊಡಬೇಕು. ಶಾಖ ಉಳಿಸಲೆಂದು ಬಟ್ಟೆಯ ಮೇಲೆ ಏನನ್ನೂ ಸುತ್ತಬಾರದು. ಶಾಖ ಹೊರಹೋಗದೆ ಅದು ಬೇಗ ಸುಡುತ್ತದೆ.

ಪ್ರತಿ ಕೊಯ್ಲಿಗೆ ಮುನ್ನ ಜೋಡಣೆಗಳನ್ನು ಕೈಯಿಂದ ಮಡಿಸಿ ನೋಡಿ. ಗಡುಸಾಗಿದ್ದರೆ, ಬಿರುಕು ಕಂಡರೆ ಒಲೆ ಹಚ್ಚುವ ಮೊದಲೇ ಬದಲಿಸಿ. ಮಳೆ ಬಂದ ದಿನ ಹುಡುಕಿದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಕಟ್ಟಬೇಕಾಗುತ್ತದೆ.