ಏಳು ಮಂದಿಯ ಹಳೆಯ ಬಂಡಿ

ಮೇ ತಿಂಗಳು ಸಮೀಪಿಸಿತೆಂದರೆ ಭಾಂಡುಪಿನ ನಮ್ಮವರ ಮನೆಗಳಲ್ಲಿ ಊರ ಪಯಣದ ಚಿಂತೆ ಮೊದಲಾಗುತ್ತದೆ. ಕೊಂಕಣ ರೈಲಿನಲ್ಲಿ ಸ್ಥಳ ದೊರೆಯುವುದು ದುರ್ಲಭ. ನಮಗೆ ಪರಿಚಿತರಾದ ಸಹೋದರರಿಬ್ಬರು, ಅಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು, ತಮ್ಮ ಕಚೇರಿಯೊಂದರ ಗುಮಾಸ್ತ, ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ ಏಳು ಮಂದಿ ಕೂರಬಲ್ಲ ಹಳೆಯ ಎಸ್‌ಯುವಿಯೊಂದನ್ನು ಕೊಳ್ಳಲು ಹೊರಟರು.

ಮೊದಲು ಕಣ್ಣಿಗೆ ಬಿದ್ದದ್ದು ದಿಲ್ಲಿಯ ಸಂಖ್ಯೆಯುಳ್ಳ ಒಂದು ಫಾರ್ಚೂನರ್. ಈ ಬಂಡಿ 2009ರಿಂದ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಸಿದ್ಧವಾಗುತ್ತಿರುವುದರಿಂದ ಅಣ್ಣನಿಗೆ ಅದರ ಮೇಲೆ ವಿಶೇಷ ಮಮತೆ. ಬೆಲೆಯೂ ಅಗ್ಗ. ಆದರೆ ಅಗ್ಗಕ್ಕೆ ಕಾರಣವಿದೆ. ದಿಲ್ಲಿಯ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟವನ್ನು 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸುಪ್ರೀಂ ಕೋರ್ಟೂ ನಿರ್ಬಂಧಿಸಿದ ಮೇಲೆ ಅಲ್ಲಿಯ ದೊಡ್ಡ ಬಂಡಿಗಳು ಹೊರರಾಜ್ಯಗಳತ್ತ ಹರಿದುಬಂದವು. ಅಂಥದನ್ನು ಕೊಂಡವನು ಅಲ್ಲಿಂದ ನಿರಾಕ್ಷೇಪಣಾ ಪತ್ರವನ್ನು, ಅಂದರೆ 28ನೆಯ ನಮೂನೆಯನ್ನು, ತರಿಸಿ ಮಹಾರಾಷ್ಟ್ರದ ತೆರಿಗೆಯನ್ನು ತೆರಬೇಕು. ಲೆಕ್ಕ ಹಾಕಿದ ತಮ್ಮ ತಲೆಯಲ್ಲಾಡಿಸಿದನು.

ಎರಡನೆಯ ಬಂಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ನಗರವಿದು. ಅನಂತರದ ಮಳೆಗಾಲಗಳಲ್ಲಿಯೂ ನೀರಿನಲ್ಲಿ ನಿಂತ ವಾಹನಗಳಿಗೆ ಕೊರತೆಯಿಲ್ಲ. ಸಹೋದರರು ಕರೆದೊಯ್ದ ಮೇಸ್ತ್ರಿ ಎಂಜಿನನ್ನು ನೋಡುವ ಮೊದಲೇ ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದನು. ತುದಿಯಲ್ಲಿ ಕೆಸರಿನ ಕಲೆ! ನೆಲಹಾಸನ್ನು ಎತ್ತಿದಾಗ ಸೀಟಿನ ಹಳಿಗಳಲ್ಲಿ ತುಕ್ಕು, ಮೂಗಿಗೆ ಮುಗ್ಗಲು ವಾಸನೆ. ನೀರು ಕುಡಿದ ಬಂಡಿಯ ವಿದ್ಯುತ್ ತಂತಿಗಳು ತಿಂಗಳುಗಳ ಬಳಿಕ ಕೈಕೊಡಬಲ್ಲವು. ಅದು ಘಾಟಿಯ ನಡುರಾತ್ರಿಯೇ ಆಗಬಹುದು.

ಟೈರನ್ನು ಓದುವುದನ್ನೂ ಮೇಸ್ತ್ರಿಯೇ ಕಲಿಸಿದನು. ಸಿಯೆಟ್ ಟೈರಿನ ಕಾರ್ಖಾನೆಯಿರುವ ಭಾಂಡುಪಿನವರಿಗೆ ಇದು ತಿಳಿಯದಿದ್ದರೆ ಹೇಗೆ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು.

ಇನ್ನು ಕೊನೆಯ ಸಾಲು. ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ಅಷ್ಟು ದೂರ ಅಲ್ಲಿ ಮೊಣಕಾಲು ಮಡಚಿ ಕೂರಬಲ್ಲವರು ಮಕ್ಕಳು ಮಾತ್ರ. ಆ ಸಾಲನ್ನು ಬಿಡಿಸಿದರೆ ಸಾಮಾನಿಗೆ ಉಳಿಯುವ ಜಾಗವೂ ಅತ್ಯಲ್ಪ. ಮೇಲಾಗಿ 4.8 ಮೀಟರಿನಷ್ಟು ಉದ್ದದ ಬಂಡಿಯನ್ನು ನಮ್ಮ ಓಣಿಗಳಲ್ಲಿ ನಿಲ್ಲಿಸುವುದೆಲ್ಲಿ? ಇದನ್ನು ಹಣ ಕೊಡುವ ಮೊದಲೇ ಆಲೋಚಿಸುವವರು ವಿರಳ.

ಮೂರನೆಯದು ವಡಾಲ ಕಚೇರಿಯ 03 ಸಂಖ್ಯೆಯ, 11 ವರ್ಷದ ಬಂಡಿ. 15 ವರ್ಷದ ನೋಂದಣಿಯಲ್ಲಿ ಇನ್ನು ನಾಲ್ಕು ವರ್ಷ ಉಳಿದಿತ್ತು. ಬಾಕಿ ದಂಡವಿದೆಯೇ, ಬ್ಯಾಂಕಿನ ಸಾಲ ತೀರಿ 35ನೆಯ ನಮೂನೆ ದೊರೆತಿದೆಯೇ ಎಂಬುದನ್ನು ವಿಚಾರಿಸಿ, 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾದ ಬಳಿಕವೇ ಅಣ್ಣ ಹಣ ಕೊಟ್ಟನು. ಮಾರಿದವರಿಗೂ ಆತುರವಿತ್ತು. ಬಂಡಿ ಕೈಬದಲಾಗಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆಯಷ್ಟೆ. ವಿಮೆಯನ್ನೂ 14 ದಿನಗಳೊಳಗೆ ಹೊಸ ಹೆಸರಿಗೆ ಮಾಡಿಸಿದರು.

ಪುಸ್ತಕದಲ್ಲಿ ಈಗ ಅಣ್ಣನ ಹೆಸರಿದೆ. ತಮ್ಮ ಕೊಟ್ಟ ಹಣದ ಲೆಕ್ಕವನ್ನು ಇಬ್ಬರೂ ಬೇರೊಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ತಾಯಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.