ಎರಡು ನ್ಯಾಯಪೀಠಗಳು, ಎರಡು ತೀರ್ಪುಗಳು

ಸಂಸಾರ ಮುರಿದವರು ವಿಚಾರಣಾ ಗುರುಗಳನ್ನು ಕೇಳುವ ಪ್ರಶ್ನೆ ಒಂದೇ: “ಫಾದರ್, ವಕೀಲರ ಬಳಿ ಹೋಗುವುದು ಪಾಪವೇ?” ಕಾನೂನುಬದ್ಧ ಹಕ್ಕು, ಮಕ್ಕಳ ಪಾಲನೆ, ಆಸ್ತಿಯ ರಕ್ಷಣೆಗೆ ಅನ್ಯಮಾರ್ಗವಿಲ್ಲದಿದ್ದರೆ ಸಿವಿಲ್ ವಿಚ್ಛೇದನವನ್ನು ಸಹಿಸಬಹುದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ನಮ್ಮನ್ನು ಕಾಡುವುದು ಬೇರೊಂದು ನಂಬಿಕೆ. ಧರ್ಮಸಭೆಯ ನ್ಯಾಯಮಂಡಳಿಯು ವಿವಾಹವನ್ನು ಅಸಿಂಧುವೆಂದು ಸಾರಿದೊಡನೆ ಎಲ್ಲವೂ ಮುಗಿಯಿತೆಂದು ಅನೇಕರು ತಿಳಿದಿದ್ದಾರೆ.

ಅದು ಹಾಗಲ್ಲ. ಅಂಥ ಘೋಷಣೆಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ತೀರ್ಪಿತ್ತಿತು. ಮಾನ್ಯತೆ ಕೋರಿ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯೂ 2017ರಲ್ಲಿ ವಜಾ ಆಯಿತು. ಸಿವಿಲ್ ಡಿಕ್ರಿಯಿಲ್ಲದೆ ಮರುಮದುವೆಯಾದವರ ಎರಡನೆಯ ವಿವಾಹವೇ ಅಸಿಂಧುವಾಗುತ್ತದೆ. ಹಾಗೆಯೇ, ಕೋರ್ಟಿನ ವಿಚ್ಛೇದನವು ಸಂಸ್ಕಾರದ ಬಂಧನವನ್ನು ಬಿಡಿಸದು. ತರ್ಕದಲ್ಲಿಯೂ ಇವು ಒಂದಲ್ಲ: ಬಂಧವು ಆಗಿಯೇ ಇರಲಿಲ್ಲವೆನ್ನುವುದು ಒಂದು, ಆಗಿದ್ದ ಬಂಧವನ್ನು ಕಡಿಯುವುದು ಇನ್ನೊಂದು.

ವಕೀಲರನ್ನು ಆರಿಸುವಾಗ ಈ ತಿಳಿವಳಿಕೆ ಬೇಕು. ನಮ್ಮ ವಿವಾಹಗಳಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಬೆಟಗೇರಿಯ ಪ್ರಾಟೆಸ್ಟಂಟ್ ಬಂಧುಗಳಿಗೂ ಅದೇ. 2001ರವರೆಗೆ ಪತ್ನಿಯ ವ್ಯಭಿಚಾರವೊಂದೇ ಪತಿಗೆ ಸಾಕಾಗಿತ್ತು; ಪತಿಯ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಪತ್ನಿ ಸಾಬೀತುಪಡಿಸಬೇಕಿತ್ತು. ಆ ವರ್ಷದ ತಿದ್ದುಪಡಿಯು ಈ ಅನ್ಯಾಯವನ್ನು ನೀಗಿಸಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶವಿತ್ತಿತು. ಅದಕ್ಕೆ ಎರಡು ವರ್ಷ ಬೇರೆಯಾಗಿರಬೇಕೆಂದು ಕಾಯ್ದೆಯಲ್ಲಿದ್ದರೂ, ಕರ್ನಾಟಕ ಉಚ್ಚ ನ್ಯಾಯಾಲಯವು ಶಿವಕುಮಾರ್ ಪ್ರಕರಣದಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿದೆ. ವಕಾಲತ್ತಿಗೆ ಸಹಿ ಮಾಡುವ ಮುನ್ನ ಈ ಸಂಗತಿಯನ್ನೇ ಕೇಳಿ ನೋಡಿರಿ; ಉತ್ತರದಿಂದಲೇ ವಕೀಲರ ಪರಿಚಯವಾದೀತು. ಶುಲ್ಕವೆಷ್ಟು, ಎಷ್ಟು ಕಂತು ಎಂಬುದನ್ನೂ ಬರೆಸಿಕೊಳ್ಳಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತವರಿಗೆ ಮರಳಿದ ಮಗಳು ದೂರದ ಗಂಡನ ಊರಿಗೇ ಅಲೆಯಬೇಕೆಂದಿಲ್ಲ. ಮದುವೆ ಇಲ್ಲಿನ ದೇವಾಲಯದಲ್ಲಿ ನಡೆದಿದ್ದರೆ ಅರ್ಜಿಯನ್ನು ಗದಗಿನಲ್ಲಿಯೇ ಹಾಕಬಹುದು. ಮಕ್ಕಳ ವಿಷಯದಲ್ಲಿ ಅಜ್ಜ-ಅಜ್ಜಿಯರು, “ಗಂಡು ಮಗು ನಮ್ಮದು” ಎಂದು ಹಟ ಹಿಡಿಯುವುದನ್ನು ನಾವು ಕಂಡಿದ್ದೇವೆ. ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನು, ವಂಶವನ್ನಲ್ಲ. ಮೊಕದ್ದಮೆ ನಡೆಯುತ್ತಿರುವಾಗಲೂ ಮಕ್ಕಳ ಪೋಷಣೆ, ಶಿಕ್ಷಣದ ವೆಚ್ಚವನ್ನು ಕೇಳಬಹುದು. ನೋಟಿಸು ತಲುಪಿದ ಅರವತ್ತು ದಿನಗಳೊಳಗೆ ಆ ಅರ್ಜಿ ಸಾಧ್ಯವಾದಷ್ಟೂ ಇತ್ಯರ್ಥವಾಗಬೇಕು.

ಹಣವಿಲ್ಲವೆಂದು ಸುಮ್ಮನಿರುವ ತಾಯಂದಿರು ಗಮನಿಸಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಸ್ತ್ರೀಯರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಉಚಿತವಾಗಿ ವಕೀಲರು ದೊರೆಯುತ್ತಾರೆ. ಗದಗಿನ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು. ವಿವಾಹ ಪ್ರಮಾಣಪತ್ರವನ್ನು ಮದುವೆಯಾದ ಧರ್ಮಕೇಂದ್ರದಿಂದಲೂ ಮಕ್ಕಳ ಜ್ಞಾನಸ್ನಾನದ ಪತ್ರವನ್ನು ಅದು ನಡೆದ ಧರ್ಮಕೇಂದ್ರದಿಂದಲೂ ಮೊದಲೇ ಪಡೆದಿಟ್ಟುಕೊಳ್ಳಿರಿ.